ಬೊಳ್ಳವ್ವನ ಶನಿವಾರದ ಬಾಟಲಿ

ತಮ್ಮಯ್ಯ ಗುರುಗಳು ಹೊಳೆದಂಡೆಯ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಒಂದು ಕಾಲಕ್ಕೆ ವೈನಿನ ರುಚಿ ನೋಡುವ ವಿದ್ಯೆ ಕಲಿಸುತ್ತಿದ್ದವರು. ದೊಡ್ಡ ದೊಡ್ಡ ಕಂಪನಿಗಳವರು ಅವರ ಮುಂದೆ ಕೈಕಟ್ಟಿ ನಿಂತದ್ದುಂಟು. ಈಗ ಮಜ್ಜಿಗೆ ಕುಡಿಯುತ್ತಾ ಹೊಳೆ ನೋಡುತ್ತಾ ಕೂತಿರುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಅವರ ಹಳೆಯ ಶಿಷ್ಯ ಮಂದಣ್ಣ ಗೋಣಿಚೀಲ ಹೊತ್ತು ಬಂದ. ಚೀಲ ಇಳಿಸಿದಾಗ ಗಾಜಿನ ಸದ್ದಾಯಿತು.

"ಏನಪ್ಪಾ ಇದು? ಇಪ್ಪತ್ತು ವರ್ಷ ಆದ ಮೇಲೆ ಗುರುದಕ್ಷಿಣೆ ನೆನಪಾಯ್ತಾ?"

ಮಂದಣ್ಣ ನಗಲಿಲ್ಲ. ಬಾಟಲಿಗಳನ್ನು ಒಂದೊಂದಾಗಿ ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟ. ಹದಿನೇಳು ಬಾಟಲಿ. ಎಲ್ಲವೂ ತೊಳೆದು ಮತ್ತೆ ತುಂಬಿಸಿದ ಹಳೆಯ ರಮ್ ಬಾಟಲಿ, ಸ್ಕ್ವಾಷ್ ಬಾಟಲಿಗಳು. ಮೇಲೆ ಕೈಬರಹದ ಚೀಟಿ: ನೆಲ್ಲಿ, ಶುಂಠಿ, ದ್ರಾಕ್ಷಿ, ಅನಾನಸ್, ವೀಳ್ಯದೆಲೆ. ಕೊಡಗಿನ ದಿನಸಿ ಅಂಗಡಿಗಳಲ್ಲಿ ಬೆಲ್ಲದ ಡಬ್ಬಿಗೂ ಸೋಪಿನ ಸಾಲಿಗೂ ನಡುವೆ ಸಿಗುವ, ಮನೆಯಲ್ಲಿ ಮಾಡಿದ ಅಗ್ಗದ ವೈನು.

"ನೀನು ಇವನ್ನೆಲ್ಲ ಮುಟ್ಟೋನಲ್ಲವಲ್ಲ" ಎಂದರು ಗುರುಗಳು.

"ಮುಟ್ಟಲಿಲ್ಲ ಗುರುಗಳೇ. ಅದೇ ಈಗ ಕುತ್ತಿಗೆಗೆ ಬಂದಿರೋದು."

ಆಮೇಲೆ ಮಂದಣ್ಣ ಹೇಳಿದ. ಅವನ ಹೆಂಡತಿ ಬೊಳ್ಳವ್ವ ತೀರಿಕೊಂಡು ಬರುವ ಭಾನುವಾರಕ್ಕೆ ವರ್ಷ. ನಾಲ್ಕು ದಿನದ ಜ್ವರ, ಅಷ್ಟೇ. ಭಾನುವಾರ ಅವಳಿಗೆ ಮೀದಿ ಇಡಬೇಕು.

ಮೀದಿ ಎಂದರೆ ಸತ್ತವರಿಗೆ ಬಡಿಸುವ ಎಡೆ. ದೀಪದ ಮುಂದೆ ಬಾಳೆಎಲೆ ಹಾಕಿ, ಹೋದವರು ಬದುಕಿದ್ದಾಗ ಆಸೆಪಟ್ಟು ಉಂಡದ್ದನ್ನೂ ಕುಡಿದದ್ದನ್ನೂ ಇಡಬೇಕು. ಇಷ್ಟವಿಲ್ಲದ್ದನ್ನು ಇಟ್ಟರೆ ಅವರು ಹಸಿದುಕೊಂಡೇ ವಾಪಸ್ಸು ಹೋಗುತ್ತಾರೆ ಎಂದು ಮಂದಣ್ಣನ ಅಜ್ಜಿ ಹೇಳುತ್ತಿದ್ದಳು.

"ಅವಳು ಪ್ರತಿ ಶನಿವಾರ ಸಾಮಾನಿನ ಜೊತೆ ಒಂದು ಬಾಟಲಿ ತರ್ತಿದ್ದಳು ಗುರುಗಳೇ. ಹನ್ನೊಂದು ವರ್ಷ. ಯಾವ ವೈನು ಅಂತ ನಾನು ಒಂದು ದಿನವೂ ಕೇಳಿದವನಲ್ಲ."

"ಕುಡಿದು ನೋಡಿದವನೂ ಅಲ್ಲ."

"ಎರಡು ಲೋಟಕ್ಕೆ ಹಾಕ್ತಿದ್ದಳು. ಒಂದು ನನ್ನ ಮುಂದೆ ಇಡ್ತಿದ್ದಳು. ನಾನು ಮೂಸಿ ನೋಡಿ, ಹುಳಿ ಜಾಸ್ತಿ ಅಂತಲೋ ಸಕ್ಕರೆ ಪಾಕ ಅಂತಲೋ ಹೇಳಿ ಪಕ್ಕಕ್ಕೆ ಸರಿಸ್ತಿದ್ದೆ. ಬೆಳಿಗ್ಗೆ ಅವಳು ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯೋಳು."

ದ್ರಾಕ್ಷಿ ಯಾವ ಗುಡ್ಡದ್ದು, ಯಾವ ವರ್ಷದ್ದು, ಎಷ್ಟು ತಿಂಗಳು ಮರದ ಪೀಪಾಯಿಯಲ್ಲಿ ಇತ್ತು ಎಂದು ಕಣ್ಣುಮುಚ್ಚಿ ಹೇಳುವ ಗಂಡಸು. ಮನೆಯೊಳಗೆ ಹೆಂಡತಿ ಏನು ಕುಡಿಯುತ್ತಿದ್ದಳು ಎಂದು ಗೊತ್ತಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

"ಈಗ ನನ್ನಿಂದ ಏನಾಗಬೇಕು?"

"ಆ ವಾಸನೆಗಳು ಇನ್ನೂ ಮೂಗಲ್ಲಿ ಇವೆ ಗುರುಗಳೇ. ಯಾವುದು ಅವಳಿಗೆ ಇಷ್ಟದ್ದು ಅಂತ ಕಂಡುಹಿಡಿಯೋ ದಾರಿ ತೋರಿಸಿ. ಮೂರು ದಿನ ಇದೆ."

ಗುರುಗಳು ನೆಲ್ಲಿಯ ಬಾಟಲಿ ತೆಗೆದು ಲೋಟಕ್ಕೆ ಹಾಕಿ ಕೊಟ್ಟರು.

ಮಂದಣ್ಣ ಲೋಟ ತಿರುಗಿಸಿದ, ಬೆಳಕಿಗೆ ಹಿಡಿದ, ಮೂಸಿದ, ಒಂದು ಹನಿ ನಾಲಿಗೆಗೆ ತಾಗಿಸಿದ. "ಸರಿಯಾಗಿ ಹುದುಗು ಬಂದಿಲ್ಲ. ಮಡ್ಡಿ ಉಳಿದಿದೆ. ಒಗರು ಹೆಚ್ಚು. ನೂರಕ್ಕೆ ಮೂವತ್ತು ಕೊಡಬಹುದು."

ಗುರುಗಳು ಲೋಟ ಕಸಿದುಕೊಂಡು ಬಾಳೆಯ ಬುಡಕ್ಕೆ ಸುರಿದರು.

"ಯಾಕೆ ಗುರುಗಳೇ?"

"ನೂರಕ್ಕೆ ಮೂವತ್ತು ಅಂದೆಯಲ್ಲ. ಫೇಲಾದದ್ದನ್ನು ಇಟ್ಟುಕೊಂಡು ಏನು ಮಾಡೋದು?"

ಮಂದಣ್ಣ ಸಂಜೆಯವರೆಗೆ ಜಗಲಿಯಲ್ಲೇ ಕೂತು ಉಳಿದ ಹದಿನಾರು ಬಾಟಲಿಯನ್ನೂ ಮೂಸಿದ. ಎಲ್ಲದರಲ್ಲೂ ಅವನ ಮನೆಯ ಶನಿವಾರದ ವಾಸನೆಯೇ ಬಂತು. ಕೊನೆಗೆ ಮೂಗೂ ಸೋತಿತು.

ಮಾರನೆಯ ದಿನ ಗುರುಗಳು ಅವನ ಕೈಗೆ ಕತ್ತಿ ಕೊಟ್ಟು ಸೌದೆ ಸೀಳಲು ಹೇಳಿದರು. ಬಿಸಿಲು ನೆತ್ತಿಗೆ ಬಂತು. ಬೆವರು ಕಣ್ಣಿಗೆ ಇಳಿಯಿತು. ಅಷ್ಟು ಹೊತ್ತಿಗೆ ಗುರುಗಳು ಹಲಸಿನ ಬೀಜ ಸುಟ್ಟು, ಉಪ್ಪು ಮೆಣಸಿನಪುಡಿ ಹಚ್ಚಿ ತಟ್ಟೆಯಲ್ಲಿ ತಂದರು. ಜೊತೆಗೆ ಸ್ಟೀಲ್ ಲೋಟದಲ್ಲಿ ಹೊಳೆನೀರಲ್ಲಿಟ್ಟು ತಂಪು ಮಾಡಿದ ಏನೋ ಒಂದು.

ಮಂದಣ್ಣ ಬೀಜ ಬಾಯಿಗೆ ಹಾಕಿಕೊಂಡ. ಖಾರ ಹತ್ತಿತು. ಲೋಟ ಎತ್ತಿ ಗಟಗಟ ಕುಡಿದ.

ಕುಡಿದು, "ಆಹ್" ಎಂದ.

ಆಮೇಲೆ ತಾನೇ ಬೆಚ್ಚಿ ಲೋಟದೊಳಗೆ ನೋಡಿದ. "ಇದು ಶುಂಠಿದಾ?"

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಗುರುಗಳೇ."

"ನೂರಕ್ಕೆ ಎಷ್ಟು?"

ಮಂದಣ್ಣ ಲೋಟ ಕೆಳಗಿಟ್ಟ. ತಟ್ಟೆಯಲ್ಲಿದ್ದ ಹಲಸಿನ ಬೀಜವನ್ನೇ ನೋಡುತ್ತಾ ಕೂತ. ಬೊಳ್ಳವ್ವನೂ ಶನಿವಾರ ಇದನ್ನೇ ಸುಡುತ್ತಿದ್ದಳು. ಬಿಸಿ ಬೀಜವನ್ನು ಸೆರಗಿನಲ್ಲಿ ಹಿಡಿದು ಸಿಪ್ಪೆ ಬಿಡಿಸಿ ಅವನ ತಟ್ಟೆಗೆ ಹಾಕುತ್ತಿದ್ದಳು. ಬೀಜ ತಿಂದರೆ ನಾಲಿಗೆ ಕೆಡುತ್ತದೆ, ನಾಳೆ ಕೆಲಸವಿದೆ ಎಂದು ಅವನು ತಟ್ಟೆಯನ್ನೂ ಸರಿಸುತ್ತಿದ್ದ.

ಅವನು ಬಿಕ್ಕಿ ಬಿಕ್ಕಿ ಅತ್ತ. ವರ್ಷದಿಂದ ಅತ್ತಿರಲಿಲ್ಲ.

ಗುರುಗಳು ಸೀಳಿದ ಸೌದೆಯನ್ನು ಒಟ್ಟಿದರು. ಅಳು ನಿಂತ ಮೇಲೆ ಕೇಳಿದರು:

"ಹದಿನೇಳು ಬಾಟಲಿಯನ್ನು ಕೇಳಿದೆ. ಮಾರಿದವರನ್ನು ಕೇಳಿದೆಯಾ?"

ಮಂದಣ್ಣ ತಲೆ ಎತ್ತಿದ. ಕೇಳಿರಲಿಲ್ಲ. ದಿನಸಿ ಅಂಗಡಿಯವಳನ್ನು ವೈನಿನ ವಿಷಯ ಕೇಳುವುದು ಅವನ ತಲೆಗೆ ಹೊಳೆದೇ ಇರಲಿಲ್ಲ. ಸಾಲಲ್ಲಿದ್ದದ್ದನ್ನೆಲ್ಲ ಒಂದೊಂದು ಕಟ್ಟಿಕೊಡು ಎಂದು ಅವಳ ಮುಖವನ್ನೂ ನೋಡದೆ ತಂದಿದ್ದ.

ಶನಿವಾರ ಬೆಳಿಗ್ಗೆ ಅವನು ನಡೆದೇ ಊರಿಗೆ ಹೋದ. ಅಂಗಡಿಯ ಸೆಲಿನಮ್ಮ ಅಕ್ಕಿ ತೂಗುತ್ತಿದ್ದಳು.

"ಸೆಲಿನಮ್ಮ, ನಮ್ಮ ಬೊಳ್ಳವ್ವನಿಗೆ ಇಲ್ಲಿ ಯಾವ ವೈನು ಇಷ್ಟ ಇತ್ತು?"

ಸೆಲಿನಮ್ಮ ತಕ್ಕಡಿಯಿಂದ ಕೈ ತೆಗೆದಳು.

"ಬೊಳ್ಳವ್ವಕ್ಕನಿಗಾ? ಅವರಿಗೆ ವೈನೇ ಆಗ್ತಿರಲಿಲ್ಲವಲ್ಲ ಮಂದಣ್ಣನವ್ರೇ. ಎರಡು ಗುಟುಕು ಕುಡಿದರೆ ಮಾರನೇ ದಿನ ತಲೆನೋವು ಅನ್ನೋರು."

"ಮತ್ತೆ ವಾರ ವಾರ ತರ್ತಿದ್ದಳಲ್ಲ?"

"ನಿಮಗೆ ಅಂತ." ಸೆಲಿನಮ್ಮನಿಗೆ ಮುಂದೆ ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ. ಆದರೂ ಹೇಳಿದಳು. "ಹೋದ ವಾರದ್ದು ಸಿಹಿ ಅಂದಿರಂತೆ ನೀವು, ಈ ವಾರ ಸಿಹಿ ಕಡಿಮೆ ಇರೋದು ಕೊಡು ಅನ್ನೋರು. ಒಗರು ಅಂದಿರಂತೆ, ಬೇರೆ ಮನೆಯವರು ಮಾಡಿದ್ದು ಇದೆಯಾ ಅನ್ನೋರು. ನಾನೇ ತಮಾಷೆ ಮಾಡ್ತಿದ್ದೆ, ಬಿಡಿ ಅಕ್ಕ, ಅವರು ದೊಡ್ಡ ದೊಡ್ಡ ವೈನು ಕುಡಿಯೋರು ಅಂತ. ಅದಕ್ಕೆ ಅಕ್ಕ, ದೊಡ್ಡದು ಕೆಲಸದ ಕಡೆ ಕುಡೀತಾರೆ ಸೆಲಿನಾ, ಮನೇಲಿ ನನ್ನ ಜೊತೆ ಕೂತು ಕುಡಿಯೋವಂಥದ್ದು ಒಂದು ಸಿಕ್ಕಿದರೆ ಸಾಕು ಅಂದರು."

ಮಂದಣ್ಣ ಅಕ್ಕಿ ಚೀಲ ಹಿಡಿದು ನಿಂತ.

ಸೆಲಿನಮ್ಮ ಒಳಗೆ ಹೋಗಿ ಒಂದು ಬಾಟಲಿ ತಂದಳು. ವೀಳ್ಯದೆಲೆಯದು. ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ 'ಬೊಳ್ಳವ್ವಕ್ಕ' ಎಂದು ಬರೆದಿತ್ತು.

"ಮುಂದಿನ ಶನಿವಾರಕ್ಕೆ ಅಂತ ತೆಗೆದಿಡು ಅಂದಿದ್ದರು. ಆ ಶನಿವಾರದ ಒಳಗೇ ಹೋಗಿಬಿಟ್ಟರು. ಬೇರೆಯವರಿಗೆ ಮಾರೋಕೆ ಮನಸ್ಸು ಬರಲಿಲ್ಲ."

ಮಂದಣ್ಣ ಬಾಟಲಿಯನ್ನು ಎದೆಗೆ ಅವಚಿಕೊಂಡು ಹೊಳೆದಂಡೆಗೆ ಬಂದ. ಗುರುಗಳ ಮುಂದೆ ಅದನ್ನು ಇಟ್ಟು, ಕೇಳಿದ್ದನ್ನೆಲ್ಲ ಹೇಳಿದ.

"ಅವಳಿಗೆ ಇಷ್ಟದ್ದು ಅಂತ ಒಂದೂ ಇರಲಿಲ್ಲ ಗುರುಗಳೇ. ನಾಳೆ ಎಲೆಯ ಮುಂದೆ ನಾನು ಏನು ಇಡಲಿ? ಇದನ್ನೇ ಇಡಲಾ?"

"ಅದು ಯಾರಿಗೆ ಅಂತ ತೆಗೆದಿಟ್ಟದ್ದು?"

"ನನಗೆ."

ಗುರುಗಳು ಎದ್ದು ಹಿತ್ತಲಿಗೆ ಹೋದರು. ಬಾಳೆಎಲೆ ಕೊಯ್ದು, ಹೊಳೆಯಲ್ಲಿ ತೊಳೆದು ತಂದರು. ಮಂದಣ್ಣನ ಮುಂದೆ ಹಾಸಿದರು. ಎಲೆಯ ಮೇಲೆ ನಾಲ್ಕು ಹಲಸಿನ ಬೀಜ ಇಟ್ಟರು. ಬಾಟಲಿ ತೆರೆದು ಲೋಟಕ್ಕೆ ಹಾಕಿ ಎಲೆಯ ಬಲಕ್ಕೆ ಇಟ್ಟರು. ಆಮೇಲೆ ದೀಪ ತಂದು ಹಚ್ಚಿ ಅವನೆದುರಿಗೆ ಇಟ್ಟರು.

ಮಂದಣ್ಣ ಗಾಬರಿಯಾಗಿ ಹಿಂದೆ ಸರಿದ.

"ಗುರುಗಳೇ, ಏನಿದು? ಹೀಗೆ ಸತ್ತವರಿಗಲ್ಲವಾ ಇಡೋದು?"

ಗುರುಗಳು ಲೋಟವನ್ನು ಅವನ ಕಡೆಗೆ ಸರಿಸಿದರು.

"ಹೌದಪ್ಪಾ. ಹನ್ನೊಂದು ವರ್ಷ ಆ ಹೆಣ್ಣುಮಗಳು ನಿನ್ನ ಮುಂದೆ ಇಟ್ಟದ್ದೂ ಮೀದಿಯನ್ನೇ. ಇನ್ನಾದರೂ ಎದ್ದು ಬಂದು ಕುಡಿ."