ಗಾಲಿಗೆ ಕಲ್ಲು ಕೊಟ್ಟ ಜಡಿಯ

ಕತೆ ಹೇಳುತ್ತೇನೆ, ಆದರೆ ನೀವು ಹೂಂಗುಟ್ಟಬೇಕು. ಹೂಂ ಅನ್ನದಿದ್ದರೆ ನನ್ನ ಕತೆ ಏರಿನಲ್ಲಿ ಕೆಟ್ಟ ಜೀಪಿನ ಹಾಗೆ ನಿಂತುಬಿಡುತ್ತದೆ, ಆಮೇಲೆ ನೀವೇ ಇಳಿದು ತಳ್ಳಬೇಕಾಗುತ್ತದೆ.

ಬೆಟ್ಟದ ತಳದಲ್ಲಿ ಹುಣಸೆದೊಡ್ಡಿ ಅಂತ ಒಂದು ಊರು. ಅಲ್ಲಿ ದುಂಡಮ್ಮ ಅಂತ ಒಬ್ಬ ತಾಯಿ, ಜಡಿಯ ಅಂತ ಅವಳಿಗೊಬ್ಬ ಮಗ. ಮನೆಯಲ್ಲಿ ಇನ್ನೊಂದು ಜೀವ ಇತ್ತು, ಅದು ಜೀಪು. ಗಂಡ ತೀರಿಕೊಂಡಾಗ ಊರವರೆಲ್ಲ ಜೀಪು ಮಾರಿಬಿಡು ಅಂದರು. ದುಂಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಸ್ಟಿಯರಿಂಗು ಹಿಡಿದಳು. ಬೆಟ್ಟದ ಮೇಲೆ ಅತ್ತಿಮಾಳ ಅಂತ ಊರಿದೆ. ಅಲ್ಲಿಗೆ ಬಸ್ಸಿಲ್ಲ, ಟಾರಿಲ್ಲ, ಇರುವುದು ಕಲ್ಲುದಾರಿ ಒಂದೇ. ಅತ್ತಿಮಾಳದ ರೇಷನ್ ಅಕ್ಕಿ ಮೇಲಕ್ಕೆ ಹೋಗಬೇಕೆಂದರೂ, ಬಸುರಿ ಹೆಂಗಸು ಆಸ್ಪತ್ರೆಗೆ ಇಳಿಯಬೇಕೆಂದರೂ ದುಂಡಮ್ಮನ ಜೀಪೇ ಬೇಕು. ಹಿಂದುಗಡೆ ಮೆಟ್ಟಿಲ ಮೇಲೆ ನೇತಾಡಿಕೊಂಡು ಕ್ಲೀನರ್ ಜಡಿಯ.

ಜಡಿಯ ಆಳು ಗಟ್ಟಿಮುಟ್ಟು, ಮನಸ್ಸು ಹಾಲಿನಂಥದ್ದು. ತಲೆ ಒಂದು ಇತ್ತು, ಅದನ್ನು ಅವನು ಹೆಚ್ಚಾಗಿ ಟವೆಲು ಸುತ್ತುವುದಕ್ಕೆ ಇಟ್ಟುಕೊಂಡಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲೂ ಹೆಚ್ಚಿಲ್ಲ, ಒಂದು ಕೂದಲೂ ಕಮ್ಮಿಯಿಲ್ಲ. ತೊಂದರೆ ಬರುತ್ತಿದ್ದುದು ಅಲ್ಲೇ.

ಆ ವರ್ಷ ಇನ್ನೊಂದು ತೊಂದರೆ ಬಂತು. ಪೇಟೆ ಕಡೆಯ ಲಿಂಗರಾಜು ಒಂದು ಜೀಪು ತಂದ. ತಂದವನು ಸುಮ್ಮನಿರಲಿಲ್ಲ. ಎತ್ತಿ ನಿಲ್ಲಿಸಿದ, ಆಳೆತ್ತರದ ಟೈರು ಹಾಕಿಸಿದ, ನೆತ್ತಿಯ ಮೇಲೆ ಸಾಲು ಲೈಟು ಕೂರಿಸಿದ, ಮುಂದೆ ಕಬ್ಬಿಣದ ಹಗ್ಗ ಸುತ್ತುವ ರಾಟೆ ಬೇರೆ. ನಾನೂ ನೋಡಿದ್ದೇನೆ, ಚೆನ್ನಾಗಿತ್ತು, ಮದುವೆ ಗಂಡಿನ ಹಾಗಿತ್ತು. ಅತ್ತಿಮಾಳದ ಕೆಲವರಿಗೆ ಅದರ ಮೇಲೆ ಮನಸ್ಸಾಯಿತು. ಯಜಮಾನ ಕೆಂಚಯ್ಯ ಮಾತ್ರ ನ್ಯಾಯಸ್ಥ. ಸೋಮವಾರ ನಾವು ಮೂವರು ಹಿರಿಯರು ಬರುತ್ತೇವೆ, ಅರ್ಧ ದಾರಿ ಲಿಂಗರಾಜುವಿನ ಜೀಪು, ಅರ್ಧ ದಾರಿ ದುಂಡಮ್ಮನ ಜೀಪು ಹತ್ತುತ್ತೇವೆ, ಯಾವುದು ನೆಟ್ಟಗೆ ತಲುಪಿಸುತ್ತದೋ ಇನ್ನು ಮುಂದೆ ಊರಿಗೆ ಅದೇ ಅಂತ ಹೇಳಿ ಕಳಿಸಿದ.

ದುಂಡಮ್ಮನಿಗೆ ಚಿಂತೆ ಹತ್ತಿತು. ತನ್ನ ಹೊಟ್ಟೆಪಾಡಿನ ಚಿಂತೆಯಲ್ಲ ಅದು, ತಾನು ಕೂಲಿಗೆ ಹೋಗಿಯಾದರೂ ಬದುಕುತ್ತಾಳೆ. ಜೀಪು ಹೋದರೆ ಜಡಿಯನ ಕೆಲಸ ಹೋಯಿತು. ಇವನನ್ನು ಬೇರೆ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ತಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು? ಇದೊಂದೇ ಅವಳನ್ನು ತಿನ್ನುತ್ತಿದ್ದುದು.

ಸರಿ, ಸೋಮವಾರದೊಳಗೆ ಜೀಪು ಅಣಿಯಾಗಬೇಕು. ಮೊದಲು ಟೈರು. ಗಾಳಿ ಬಿಗಿಯಾಗಿದ್ದರೆ ಜೀಪು ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ, ಸ್ವಲ್ಪ ಮೆತ್ತಗಿದ್ದರೆ ಕಲ್ಲನ್ನು ಹಿಡಿದು ಹತ್ತುತ್ತದೆ. ಟೈರಿನ ಗಾಳಿ ಇಳಿಸು ಮಗ ಅಂತ ಹೇಳಿ ದುಂಡಮ್ಮ ಮುದ್ದೆ ಕೂಡಿಸಲು ಒಳಗೆ ಹೋದಳು. ಮುದ್ದೆ ಕೂಡಿಸಿ ಹೊರಗೆ ಬಂದರೆ ಜೀಪು ಗಿಡ್ಡಗಾಗಿದೆ! ನಾಲ್ಕು ಟೈರೂ ಚಪ್ಪಟೆ. ಹಿಂದೆ ನೇತುಹಾಕಿದ್ದ ಸ್ಟೆಪ್ನಿಯೂ ಚಪ್ಪಟೆ. ಜಡಿಯ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾನೆ.

"ಏನ್ಲಾ ಮಾಡ್ದೆ?"

"ಇಳಿಸು ಅಂದ್ಯಲ್ಲವ್ವ, ಇಳಿಸ್ದೆ. ನಿಲ್ಲಿಸು ಅಂತ ಅನ್ನಲೇ ಇಲ್ಲ ನೀನು."

ದುಂಡಮ್ಮ ಹಣೆ ಚಚ್ಚಿಕೊಂಡಳು. ಮುದ್ದೆ ತಣ್ಣಗಾಯಿತು. ಇಬ್ಬರೂ ಕಾಲುಪಂಪು ತುಳಿದರು, ತುಳಿದರು, ಸೊಂಟ ಬೀಳುವ ತನಕ ತುಳಿದರು. ಹೀಗೆ ಖಾಲಿ ಮಾಡುವ ಬುದ್ಧಿ ಬಿಡು, ಇನ್ನು ಮೇಲೆ ಏನೇ ಆಗಲಿ ಬಾಯಿ ತನಕ ತುಂಬಿಸು ಅಂತ ಬೈದು ಬುದ್ಧಿ ಹೇಳಿದಳು. ಜಡಿಯ ತಲೆಯಾಡಿಸಿದ. ಬಾಯಿ ತನಕ, ಬಾಯಿ ತನಕ ಅಂತ ಬಾಯಿಪಾಠ ಮಾಡಿಕೊಂಡ.

ಮಾರನೆ ದಿನ ಎಂಜಿನ್ ಆಯಿಲ್. ಕಮ್ಮಿ ಇದೆಯೋ ಏನೋ ನೋಡಿ ಹಾಕು ಅಂದಳು. ಜಡಿಯನಿಗೆ ನೋಡುವ ಕೆಲಸವೇ ಬೀಳಲಿಲ್ಲ. ಡಬ್ಬ ಬಗ್ಗಿಸಿದ, ಸುರಿದ. ಇನ್ನೂ ಬಾಯಿಗೆ ಬಂದಿಲ್ಲ, ಇನ್ನೊಂದು ಡಬ್ಬ ಸುರಿದ. ಬಾಯಿ ತನಕ ಬಂತು, ಒಂದು ತೊಟ್ಟು ಆಚೆ ಚೆಲ್ಲಲಿಲ್ಲ, ಅಷ್ಟು ನೀಟು ಕೆಲಸ. ದುಂಡಮ್ಮ ಕೀಲಿ ತಿರುಗಿಸಿದ್ದೇ ತಡ, ಹಿಂದಿನ ಕೊಳವೆಯಿಂದ ಬಂತು ನೋಡಿ ಹೊಗೆ! ಬೀದಿ ಕಾಣಲಿಲ್ಲ, ಬೀದಿಯ ಕೋಳಿ ಕಾಣಲಿಲ್ಲ. ಗುಡಿಸಲಿಗೆ ಬೆಂಕಿ ಬಿತ್ತು ಅಂತ ಪಕ್ಕದ ಮನೆಯವರು ಬಿಂದಿಗೆ ಹೊತ್ತು ಓಡಿಬಂದು, ಹೊಗೆಯಲ್ಲಿ ಯಾರು ಯಾವುದು ತಿಳಿಯದೆ ದುಂಡಮ್ಮನ ತಲೆಯ ಮೇಲೇ ಸುರಿದರು.

"ಬಾಯಿ ತನಕ ಅಂತ ನೀನೇ ಹೇಳಿದ್ದಲ್ವವ್ವ" ಅಂದ ಜಡಿಯ.

ನೆನೆದ ಸೀರೆಯಲ್ಲೇ ದುಂಡಮ್ಮ ಜೀಪಿನ ಅಡಿಗೆ ನುಗ್ಗಿ ಆಯಿಲ್ ಇಳಿಸಿದಳು. ಹೊರಗೆ ಬಂದು, ಕಡ್ಡಿ ಅಂತ ಒಂದು ಇದೆ, ಅದ್ದಿ ನೋಡಬೇಕು, ಕಡ್ಡಿಯ ತುದಿಗೆ ಅಂಟಿದರೆ ಸಾಕು, ಮತ್ತೆ ಹಾಕಬಾರದು ಅಂತ ಬಿಡಿಸಿ ಬಿಡಿಸಿ ಹೇಳಿದಳು. ಜಡಿಯ ತಲೆಯಾಡಿಸಿದ. ತುದಿಗೆ ಅಂಟಿದರೆ ಸಾಕು, ತುದಿಗೆ ಅಂಟಿದರೆ ಸಾಕು.

ಅದರ ಮಾರನೆ ದಿನ ರೇಡಿಯೇಟರಿನ ನೀರು. ಈ ಸಲ ಜಡಿಯ ಬಲು ಹುಷಾರು. ಬೇವಿನ ಕಡ್ಡಿ ಮುರಿದು ಅದ್ದಿದ, ತುದಿ ಒದ್ದೆಯಾಯಿತು. ಸಾಕು ಅಂತ ಮುಚ್ಚಳ ಬಿಗಿದ. ಮಿಲ್ಲಿಗೆ ರಾಗಿ ಹಾಕಿಕೊಂಡು ಹೋಗುವಾಗ ಅರ್ಧ ದಾರಿಯಲ್ಲಿ ಜೀಪು ಬುಸ್ಸೆಂದಿತು. ಬಾನೆಟ್ಟಿನಿಂದ ಆವಿ, ಇಡ್ಲಿ ಬೇಯಿಸಿಕೊಳ್ಳಬಹುದಿತ್ತು. ಮುಚ್ಚಳ ತೆಗೆಯಲು ಕೈ ಹಾಕಿದ ಜಡಿಯನನ್ನು ದುಂಡಮ್ಮ ರಟ್ಟೆ ಹಿಡಿದು ಎಳೆದಳು, ಇಲ್ಲದಿದ್ದರೆ ಮುಖ ಬೇಯುತ್ತಿತ್ತು. ಬಿಸಿಯಾದ ಗಾಡಿಗೆ ಕೈ ಹಾಕಬೇಡ ಮಗನೇ, ನೆರಳಲ್ಲಿ ಕೂತುಬಿಡು, ತಣ್ಣಗಾದ ಮೇಲೆ ಮುಟ್ಟು ಅಂತ ಅಳು ಬಂದಂತಾಗಿ ಹೇಳಿದಳು.

ಜೀಪು ತಣಿದು, ನೀರು ಕುಡಿದು, ಮಿಲ್ಲು ಮುಗಿಸಿ ಮನೆಗೆ ಬಂತು. ಮನೆಯ ಮುಂದೆ ಇಳಿಜಾರು. ದುಂಡಮ್ಮ ಅವಸರದಲ್ಲಿ ಹ್ಯಾಂಡ್‌ಬ್ರೇಕ್ ಎಳೆದದ್ದು ಅರೆಬರೆ. ಹಿಟ್ಟಿನ ಮೂಟೆ ಹೊತ್ತು ಹೊಸಿಲು ದಾಟುತ್ತಿದ್ದಾಳೆ, ಹಿಂದೆ ಜೀಪು ಮೆಲ್ಲಗೆ ಹೊರಟಿತು. ಹಿಡಿಯೋ ಅಂತ ಕೂಗಿಕೊಂಡಳು. ಜಡಿಯ ಬೇವಿನ ನೆರಳಲ್ಲಿ ಕೂತಿದ್ದ. ಜೀಪು ಅವನ ಪಕ್ಕದಲ್ಲೇ ಹೋಯಿತು. ಅವನು ಕಾಲು ಮಡಿಸಿಕೊಂಡು ದಾರಿ ಬಿಟ್ಟ. ಜೀಪು ಹೋಗಿ ಎದುರು ಮನೆಯ ತಿಪ್ಪೆಯಲ್ಲಿ ಕೂತಿತು, ಕಿಟಕಿಯ ಮಟ್ಟಕ್ಕೆ ಸಗಣಿ.

"ಕೈ ಹಾಕಬೇಡ ಅಂತ ನೀನೇ ಹೇಳಿದ್ದಲ್ವವ್ವ. ಬಿಸಿಯಾಗಿತ್ತು ಕನವ್ವ. ಅದೂ ನೆರಳಿಗೆ ಹೊಂಟದೆ ಅಂದ್ಕಂಡೆ."

ದುಂಡಮ್ಮ ತಿಪ್ಪೆಯ ಅಂಚಿಗೆ ಕೂತು ಅವನ ಮುಖ ನೋಡಿದಳು. ಸಗಣಿ ತೊಳೆಯುವ ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಮಾತು ಹೇಳಿದಳು.

"ನೋಡು ಮಗ. ಬೇರೆ ಎಲ್ಲಾ ಮರ್ತುಬುಡು. ಇದೊಂದು ಇಟ್ಕೊ. ಜೀಪು ನಿಂತ ತಕ್ಷಣ ಗಾಲಿ ಹಿಂದಕ್ಕೆ ಕಲ್ಲು ಕೊಡು. ನಾನು ಹೇಳೋಗಂಟ ತೆಗೀಬ್ಯಾಡ."

ಜಡಿಯ ಹಿತ್ತಲಿಗೆ ಹೋದ, ಒಡೆದ ಒರಳುಕಲ್ಲಿನ ಅರ್ಧ ಹೊತ್ತು ತಂದ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಗಾಲಿಗೆಂದೇ ಹುಟ್ಟಿದ ಹಾಗಿತ್ತು. ಅವತ್ತಿನಿಂದ ಜೀಪು ನಿಂತರೆ ಕಲ್ಲು. ಏರಿನಲ್ಲಿ ನಿಂತರೂ ಕಲ್ಲು, ಪೆಟ್ರೋಲ್ ಬಂಕಿನ ಅಂಗೈಯಂಥ ನೆಲದ ಮೇಲೂ ಕಲ್ಲು. ಹಳ್ಳ ದಾಟುವಾಗ ಗೇರು ಬದಲಾಯಿಸಲು ಒಂದು ಗಳಿಗೆ ನಿಂತರೆ ಮೊಣಕಾಲು ನೀರಿಗೆ ದುಮುಕಿ ಕಲ್ಲು ಕೊಟ್ಟು, ಆಯ್ತವ್ವ ಅನ್ನುತ್ತಿದ್ದ. ದುಂಡಮ್ಮ ನಕ್ಕು, ತೆಗಿಯಪ್ಪ ಅನ್ನಬೇಕು, ಆಗಲೇ ತೆಗೆಯುವುದು. ಇದೊಂದನ್ನಾದರೂ ಕಲಿತನಲ್ಲ ಅಂತ ಅವಳಿಗೆ ಸಮಾಧಾನವಾಯಿತು. ಹೂಂ ಅನ್ನಿ, ಸೋಮವಾರ ಬಂತು.

ಮುಂದೆ ಲಿಂಗರಾಜುವಿನ ಜೀಪು, ಅದರಲ್ಲಿ ಮೂವರು ಹಿರಿಯರು. ಹಿಂದೆ ದುಂಡಮ್ಮನ ಜೀಪು, ಅದರಲ್ಲಿ ಅಕ್ಕಿ ಮೂಟೆ. ಮೆಟ್ಟಿಲ ಮೇಲೆ ಜಡಿಯ, ಕಂಕುಳಲ್ಲಿ ಕಲ್ಲು. ಲಿಂಗರಾಜು ಕ್ಲೀನರ್ ಇಟ್ಟುಕೊಂಡಿರಲಿಲ್ಲ, ಅವನ ಜೀಪಿನಲ್ಲಿ ಎಲ್ಲಾ ಇತ್ತಲ್ಲ. ಅರ್ಧ ದಾರಿ ಹತ್ತಿರವಾಗುವ ತನಕ ಅವನ ಜೀಪು ಆನೆಯ ಹಾಗೆ ಹತ್ತಿತು, ಸುಳ್ಳು ಹೇಳಬಾರದು. ಹಿರಿಯರು ತಲೆದೂಗುತ್ತಿದ್ದರು, ದುಂಡಮ್ಮನಿಗೆ ಅದು ಹಿಂದಿನಿಂದ ಕಾಣುತ್ತಿತ್ತು.

ಆಮೇಲೆ ಆನೆಬೆನ್ನಿನ ತಿರುವು ಬಂತು. ಒಂದು ಕಡೆ ಬಂಡೆ, ಒಂದು ಕಡೆ ಕಮರಿ, ಸ್ಟಿಯರಿಂಗು ಪೂರ್ತಿ ತಿರುಗಿಸಿದರೇ ತಿರುಗುವ ಜಾಗ. ಲಿಂಗರಾಜು ಪೂರ್ತಿ ತಿರುಗಿಸಿದ. ಆಳೆತ್ತರದ ಟೈರು ಮಡ್‌ಗಾರ್ಡಿಗೆ ಕಚ್ಚಿಕೊಂಡಿತು. ಜೀಪು ಕಿರ್ರೆಂದು ನಿಂತಿತು, ಎಂಜಿನ್ನೂ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದ. ದೊಡ್ಡ ಟೈರು ಹಾಕಿಸಿದವನು ಬ್ರೇಕನ್ನು ಬಿಗಿ ಮಾಡಿಸಿರಲಿಲ್ಲ. ಜೀಪು ಒಂದು ಗೇಣು ಹಿಂದೆ ಜಾರಿತು.

ಹಿಂದೆ ದುಂಡಮ್ಮನೂ ನಿಲ್ಲಿಸಿದಳು. ಈಗ ನೋಡಿ, ಜೀಪು ಎರಡು, ಕಲ್ಲು ಒಂದು. ನೀವಾಗಿದ್ದರೆ ಯೋಚನೆ ಮಾಡುತ್ತಾ ನಿಲ್ಲುತ್ತಿದ್ದಿರಿ, ನಮ್ಮದು ಮೊದಲೋ ಅವರದು ಮೊದಲೋ, ಎದುರಾಳಿಗೆ ಸಹಾಯ ಮಾಡಬೇಕೋ ಬೇಡವೋ ಅಂತ. ಜಡಿಯನಿಗೆ ಆ ಕಾಯಿಲೆ ಇರಲಿಲ್ಲ. ಜೀಪು ನಿಂತ ತಕ್ಷಣ ಅಂದಿದ್ದಳು ಅವ್ವ. ಮೊದಲು ನಿಂತದ್ದು ಮುಂದಿನದು. ದುಮುಕಿದ, ಓಡಿದ, ಜಾರುತ್ತಿದ್ದ ಗಾಲಿಯ ಹಿಂದೆ ಒರಳುಕಲ್ಲು ತುರುಕಿದ. ಟೈರು ಕಲ್ಲಿನ ಮೇಲೆ ಅರ್ಧ ಹತ್ತಿ ನಿಂತಿತು. ಎದುರಿಗೆ ಜಾರಿ ಬರುತ್ತಿದ್ದ ಜೀಪನ್ನು ನೋಡುತ್ತಾ ಎರಡೂ ಕಾಲಲ್ಲಿ ಬ್ರೇಕ್ ಒತ್ತಿ ಕೂತಿದ್ದ ದುಂಡಮ್ಮ, ಆಗ ಉಸಿರು ಬಿಟ್ಟಳು.

ಹಿರಿಯರು ಒಬ್ಬೊಬ್ಬರಾಗಿ ಇಳಿದರು. ಕಮರಿ ನೋಡಿದರು, ಕಲ್ಲು ನೋಡಿದರು. ಲಿಂಗರಾಜುವಿನ ಮುಖ ಸುಣ್ಣದ ಹಾಗಾಗಿತ್ತು. ಎಂಜಿನ್ ಹಚ್ಚಿ, ಇನ್ನು ಕಲ್ಲು ತೆಗಿಯಪ್ಪ ಅಂತ ಬೇಡಿಕೊಂಡ. ಜಡಿಯ ಅಲ್ಲಾಡಲಿಲ್ಲ, ಅವ್ವ ಹೇಳಬೇಕು ಅಂದ. ದುಂಡಮ್ಮ ತನ್ನ ಜೀಪನ್ನು ಹಿಂದಕ್ಕೆ ಸರಿಸಿ ದಾರಿ ಬಿಟ್ಟು, ತೆಗಿ ಮಗ ಅಂದಳು. ತೆಗೆದ. ಲಿಂಗರಾಜು ಹಿಂದೆ ಮುಂದೆ ಆಡಿಸಿ ಜೀಪನ್ನು ಪಕ್ಕಕ್ಕೆ ಹಾಕಿದ. ಒಳ್ಳೆಯ ಹುಡುಗನೇ ಅವನು, ಜಡಿಯನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಯಜಮಾನ ಕೆಂಚಯ್ಯ ಬಂದು ಜಡಿಯನ ಹೆಗಲ ಮೇಲೆ ಕೈಯಿಟ್ಟ.

"ಇನ್ನು ಹತ್ತಿ ನೋಡೋದೇನೂ ಇಲ್ಲ ಕನ್ ದುಂಡಮ್ಮ. ನಮ್ಮೂರಿಗೆ ನಿನ್ನ ಜೀಪೇ. ಜೀಪಿಗಿಂತ ಮುಂಚೆ ಈ ಮಗ ಬೇಕು. ನೀನಿದ್ರೂ ಸೈ, ನಿನ್ನ ಕಾಲ ಆದ್ಮೇಲೂ ಸೈ, ಇವನು ಅತ್ತಿಮಾಳದವನು."

ದುಂಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಎದೆಯ ಮೇಲೆ ಹೊತ್ತಿದ್ದ ಭಾರ ಆ ತಿರುವಿನಲ್ಲಿ ಇಳಿಯಿತು. ಕೆಂಚಯ್ಯ ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಹಿರಿಯರಲ್ಲವೇ, ಬುದ್ಧಿ ಹೇಳದೆ ಇರಲಾಗುತ್ತದೆಯೇ? ಜಡಿಯನ ಕಡೆ ತಿರುಗಿ, ಇನ್ನು ಮೇಲೂ ಹೀಗೇ ಇರು, ನಮ್ಮದು ನಿಮ್ಮದು ಅನ್ನಬೇಡ, ಈ ಏರಿನಲ್ಲಿ ಯಾರೇ ನಿಂತರೂ ಹಿಂದೆ ಕಲ್ಲು ಕೊಡು ಅಂದ. ಜಡಿಯ ತಲೆಯಾಡಿಸಿದ. ಯಾರೇ ನಿಂತರೂ, ಯಾರೇ ನಿಂತರೂ.

ಹಿರಿಯರನ್ನು ಹತ್ತಿಸಿಕೊಂಡು ದುಂಡಮ್ಮನ ಜೀಪು ಹೊರಟಿತು. ಊರು ಇನ್ನೇನು ಸಿಕ್ಕಿತು ಅನ್ನುವಾಗ ಕೊನೆಯ ಏರು. ಅಲ್ಲಿ ಭಾರ ಕಮ್ಮಿಯಾಗಲಿ ಅಂತ ಎಲ್ಲರೂ ಇಳಿದು ನಡೆಯುವುದು ವಾಡಿಕೆ. ಹಿರಿಯರು ಇಳಿದರು, ಜಡಿಯನೂ ಕಲ್ಲು ಎತ್ತಿಕೊಂಡು ಇಳಿದ. ದುಂಡಮ್ಮ ಒಬ್ಬಳೇ ಜೀಪನ್ನು ಮೇಲಕ್ಕೆ ಹತ್ತಿಸಿ ಸಮನೆಲದ ಮೇಲೆ ನಿಲ್ಲಿಸಿದಳು. ಮಗ ಬಂದು ಕಲ್ಲು ಕೊಡುತ್ತಾನೆ ಅಂತ ಕಾದಳು. ಬರಲಿಲ್ಲ. ಇಳಿದು ಹಿಂತಿರುಗಿ ನೋಡಿದಳು.

ಅರ್ಧ ಏರಿನಲ್ಲಿ ಯಜಮಾನ ಕೆಂಚಯ್ಯನಿಗೆ ಏದುಸಿರು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಜೀಪಿಗಿಂತ ಅವನೇ ಮೊದಲು ನಿಂತದ್ದು. ಜಡಿಯ ಅವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಹಿಮ್ಮಡಿಗೆ ಒರಳುಕಲ್ಲು ಒತ್ತಿ ಹಿಡಿದಿದ್ದ.

"ಏನಪ್ಪ ಇದು?" ಅಂದ ಕೆಂಚಯ್ಯ.

"ಯಾರೇ ನಿಂತ್ರೂ ಕೊಡು ಅಂತ ನೀವೇ ಹೇಳಿದ್ದಲ್ವ ಯಜಮಾನ್ರೆ. ಅಲ್ಲಾಡಬ್ಯಾಡಿ."

ಊರಿಗೆ ಊರೇ ಏರಿನ ಮೇಲೆ ಬಂದು ನಿಂತು ನೋಡುತ್ತಿತ್ತು. ಕೆಂಚಯ್ಯ ಮುಂದಕ್ಕೆ ಹೆಜ್ಜೆ ಇಡಬಹುದಿತ್ತು. ಆದರೆ ತನ್ನ ಜೀವ ಉಳಿಸಿದ ಕೈ ಅದು, ಹೇಳಿದ್ದು ತನ್ನದೇ ಬಾಯಿ. ಹಾಗೇ ನಿಂತ. ಕಲ್ಲಿಗೆ ಹಿಮ್ಮಡಿ ಆನಿಸಿದರೆ ಹಾಯಾಗಿಯೂ ಇತ್ತು. ಸ್ವಲ್ಪ ಹೊತ್ತು ಬಿಟ್ಟು, ಇನ್ನು ತೆಗಿಯಪ್ಪ, ಉಸಿರು ಬಂತು ಅಂದ.

"ಅವ್ವ ಹೇಳಬೇಕು" ಅಂದ ಜಡಿಯ.

ಎಲ್ಲರೂ ದುಂಡಮ್ಮನ ಕಡೆ ನೋಡಿದರು. ದುಂಡಮ್ಮ ಜೀಪಿಗೆ ಒರಗಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಹೇಳಬೇಕು ಅಂತ ಬಾಯಿ ತೆರೆದರೆ ನಗು, ಮತ್ತೆ ತೆರೆದರೆ ಮತ್ತೆ ನಗು. ಆ ನಗು ನಿಲ್ಲುವ ತನಕ ಅತ್ತಿಮಾಳದ ಯಜಮಾನರು ಏರಿನ ನಡುವೆ ನಿಂತೇ ಇದ್ದರು. ಹೂಂ ಅಂದಿರಲ್ಲ, ಸಾಕು. ನನ್ನ ಕತೆಗೂ ಇಲ್ಲೇ ಕಲ್ಲು ಕೊಟ್ಟಿದ್ದೇನೆ.