ಎಂಟು ಸಾವಿರದ ಎಂಬತ್ತನೇ ತೂತು

ಒಂದಾನೊಂದು ಊರಿನಲ್ಲಿ, ಅಲ್ಲಲ್ಲ, ಎರಡಾನೆರಡು ಊರುಗಳಲ್ಲಿ. ಒಂದೇ ಊರಿದ್ದರೆ ಈ ಕತೆ ನಡೆಯುವುದೇ ಇಲ್ಲ. ಹತ್ತಿರ ಬನ್ನಿ. ಬೆಂಕಿಗೆ ಅಡ್ಡ ಕೂರಬೇಡಿ, ಅದಕ್ಕೂ ಕತೆ ಕೇಳಿಸಬೇಕು.

ಆಚೆಯೂರಿನಲ್ಲಿ ಕನಸು ಬೆಳೆಯುತ್ತಿರಲಿಲ್ಲ. ಮಣ್ಣು ಸರಿಯಿರಲಿಲ್ಲವಂತೆ. ಈಚೆಯೂರಿನ ಅರಮನೆಯಲ್ಲೋ ಉಗ್ರಾಣದ ತುಂಬ ಕನಸು. ನಡುವೆ ದೊಡ್ಡ ಗೋಡೆ. ಗೋಡೆಗೊಂದು ತೂತು ಕೊರೆದರು, ಅದಕ್ಕೆ ಸಾಕೆಟ್ ಎಂದು ಹೆಸರಿಟ್ಟರು. ತೂತಿಗೊಂದು ನಂಬರು ಕಟ್ಟಿದರು, ಎಂಟು ಸಾವಿರದ ಎಂಬತ್ತು. ಉಳಿದ ತೂತುಗಳೆಲ್ಲಿ ಎಂದು ಕೇಳಬೇಡಿ, ನನಗೆ ಕೋಪ ಬರುತ್ತದೆ.

ತೂತಿನ ಪಕ್ಕ ಮಣೆ ಹಾಕಿ, ಕೆಂಪಮ್ಮಣ್ಣಿ ಎಂಬ ಹೆಂಗಸನ್ನು ಕೂರಿಸಿ, "ಕೇಳ್ತಾ ಇರು" ಎಂದರು. ಅವಳ ಹುದ್ದೆಯ ಹೆಸರು ಸರ್ವರ್. ಸರ್ವರಿಗೂ ಓಗೊಡಬೇಕಾದವಳು, ಅದಕ್ಕೇ ಸರ್ವರ್. ಅವಳು ಕಣ್ಣು ಮುಚ್ಚುವ ಹಾಗಿರಲಿಲ್ಲ. ತಾನಾಗಿ ಯಾರನ್ನೂ ಕರೆಯುವ ಹಾಗೂ ಇರಲಿಲ್ಲ.

ಆಚೆಯಿಂದ ಕರೆಯುವವನು ಜವರಯ್ಯ. ಅವನ ಹುದ್ದೆ ಕ್ಲೈಂಟ್. ದಿನಾ ಮಧ್ಯಾಹ್ನ, ಊರಿನವರೆಲ್ಲ ಉಂಡು ಅಡ್ಡಾಗುವ ಹೊತ್ತಿಗೆ, ತೂತಿಗೆ ಬಾಯಿಟ್ಟು ಕೂಗುತ್ತಿದ್ದ.

"ಕೆಂಪಕ್ಕಾ!"

"ಓ, ಕೇಳಿಸ್ತು ಕಣಣ್ಣ. ನನ್ನ ಓ ಕೇಳಿಸ್ತಾ?"

"ಓ, ನಿನ್ನ ಓ ಕೇಳಿಸ್ತು."

ಇಷ್ಟಾಗದೆ ಒಂದಕ್ಷರವೂ ಗೋಡೆ ದಾಟುವಂತಿರಲಿಲ್ಲ. ಆಮೇಲೆ ಅವನು ಕನಸು ಕೇಳುವನು. ಅವಳು ಅಕ್ಷರ ಅಕ್ಷರವಾಗಿ ಕೊಡುವಳು.

"ಹದಿನೇಳನೇ ಅಕ್ಷರ ಬರ್ಲಿಲ್ಲ ಕಣಕ್ಕ."

"ತಗೋ, ಇನ್ನೊಂದ್ಸಲ."

ಇರುವೆಯ ಕನಸಿಗೆ ಅರೆಗಳಿಗೆ, ಆನೆಯ ಕನಸಿಗೆ ಎರಡು ತಾಸು. ಕೆಂಪಮ್ಮಣ್ಣಿಯನ್ನು ಹೆಸರು ಹಿಡಿದು ಕರೆಯುವ ಜೀವ ಅವನೊಬ್ಬನೇ. ಅರಮನೆಯವರು "ಏಯ್" ಅನ್ನುತ್ತಿದ್ದರು.

ಆ ಸೀಮೆಯ ಭಾಷೆ ಸಿ. ಸಿ ಭಾಷೆಯಲ್ಲಿ ತಮಾಷೆ ಇಲ್ಲ, ವಾಡಿಕೆಯ ಮಾತಿಲ್ಲ. ಅಂದದ್ದು ಆಗಲೇಬೇಕು. ಮಾತಿನ ಕೊನೆಗೊಂದು ಚುಕ್ಕಿ, ಚುಕ್ಕಿಯ ಕೆಳಗೊಂದು ಬಾಲ ಇಡಬೇಕು. ಮಂತ್ರಿ ಒಮ್ಮೆ ಬಾಲ ಮರೆತು "ಉಪ್ಪು ಬಡಿಸು" ಎಂದದ್ದಕ್ಕೆ ಅರಮನೆಯೇ ಮೂರು ದಿನ ನಿಂತುಹೋಗಿತ್ತು.

ರಾಜನಿಗಿದ್ದದ್ದು ಒಂದೇ ಚಿಂತೆ, ತನ್ನ ಎಡಮೀಸೆ. ಅದಕ್ಕೆ ಗಾಳಿ ತಾಗಬಾರದು. ಆದ್ದರಿಂದ ತೆರೆದ ತೂತನ್ನು ಮುಚ್ಚಲೇಬೇಕೆಂದು ಕಟ್ಟಪ್ಪಣೆ. ಜವರಯ್ಯ ದಿನಾ ಕೊನೆಗೆ "ಮುಗೀತು" ಅನ್ನುತ್ತಿದ್ದ. ಕೆಂಪಮ್ಮಣ್ಣಿಯೂ "ಮುಗೀತು" ಎಂದು ಮುಚ್ಚಳ ಹಾಕುತ್ತಿದ್ದಳು.

ಒಂದು ದಿನ ಜವರಯ್ಯ, ನೆಂಟರ ಮನೆಯಿಂದ ಹೊರಟವನ ಹಾಗೆ, "ಬತ್ತೀನಿ ಕಣಕ್ಕ" ಎಂದುಬಿಟ್ಟ.

ಕೆಂಪಮ್ಮಣ್ಣಿ ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ಕೂತಳು. ಗಾಳಿ ಬಂತು. "ಚಳಿ, ಚಳಿ" ಎಂದಿತು ಎಡಮೀಸೆ. ರಾಜ ಓಡಿ ಬಂದ.

"ಮುಚ್ಚೇ!"

"ಬರ್ತೀನಿ ಅಂದವರ ಮುಖಕ್ಕೆ ಮುಚ್ಚಳ ಹಾಕೋದು ಹೆಂಗೆ ಬುದ್ಧಿ?"

"ಅದು ಬರೀ ಬಾಯಿಮಾತು. ಸಂಜೆಯೊಳಗೆ ಅವನ ಬಾಯಲ್ಲಿ ಮುಗೀತು ಅನ್ನಿಸು. ಇಲ್ಲದಿದ್ರೆ ತೂತಿಗೆ ಗಾರೆ ಮೆತ್ತಿಸ್ತೀನಿ!"

ಕೆಂಪಮ್ಮಣ್ಣಿ ಲೆಕ್ಕ ಹಾಕಿದಳು. ಗಾರೆ ಮೆತ್ತಿದರೆ ಆಚೆಯೂರಿಗೆ ಕನಸಿಲ್ಲ. ತನಗೆ ಹೆಸರಿಲ್ಲ.

ಕೆಂಪಮ್ಮಣ್ಣಿ ತಾನಾಗಿ ಕರೆಯುವಂತಿಲ್ಲವಲ್ಲ, ಜವರಯ್ಯನನ್ನು ಹುಡುಕಲು ಮಂತ್ರಿ ಇನ್ನೊಂದು ತೂತು ಕೊರೆದು ಕೂಗಿದ. ಆಚೆ ಒಬ್ಬ ಅಜ್ಜಿ ಓಗೊಟ್ಟಳು. "ಜವರ ಮನೇಲಿಲ್ಲ ಕಣಪ್ಪ. ಕಾಫಿ ಕುಡ್ಕೊಂಡ್ ಹೋಗು." ಮಂತ್ರಿ ತೂತಿನಲ್ಲೇ ಲೋಟ ಇಸಕೊಂಡು ಕುಡಿದ. "ಹೋಗ್ತೀನಮ್ಮ" ಎಂದ.

"ಬಿಡ್ತು ಅನ್ನು! ಹೋಗ್ತೀನಿ ಅನ್ಬಾರ್ದು, ಬತ್ತೀನಿ ಅನ್ಬೇಕು."

ಮಂತ್ರಿ ಮರ್ಯಾದಸ್ಥ. "ಬರ್ತೀನಮ್ಮ" ಎಂದ. ಆ ತೂತೂ ತೆರೆದೇ ಉಳಿಯಿತು. ಸೇನಾಪತಿ ಮೂರನೆಯದು ಕೊರೆದ. ಅವನೂ ಕಾಫಿ ಕುಡಿದ, ಅವನೂ "ಬರ್ತೀನಮ್ಮ" ಎಂದ. ಮೂರೂ ತೂತುಗಳಿಂದ ಗಾಳಿ. ಎಡಮೀಸೆ ರಾಜನ ಕಣ್ಣಿಗೇ ಹೊಡೆಯತೊಡಗಿತು.

ಸಂಜೆಯಾಯಿತು. ಗಾರೆಯವನು ಕರಣೆ ಹಿಡಿದು ಬಂದ. ಕೆಂಪಮ್ಮಣ್ಣಿ ತೂತಿಗೆ ಅಂಗೈ ಅಡ್ಡ ಇಟ್ಟಳು. "ಅವನು ಬರ್ತೀನಿ ಅಂದಿದಾನೆ" ಎಂದಳು. ಎಲ್ಲರೂ ನಕ್ಕರು.

"ನಗಬೇಡಿ" ಎಂದಿತು ತೂತು. "ನನ್ನೊಳಗೆ ಏನೋ ಕಚಗುಳಿ."

ಮೊದಲು ಒಂದು ಮೂಗು ಬಂತು. ಆಮೇಲೆ ಮೂಗಿನ ಹಿಂದಿದ್ದ ಜವರಯ್ಯ, ಚೂರು ಚೂರಾಗಿ, ಸಾಲಾಗಿ, ಒಂದೂ ಹಿಂದುಮುಂದಾಗದೆ. ಎಡಗಿವಿ ದಾರಿಯಲ್ಲೆಲ್ಲೋ ಬಿದ್ದಿತ್ತು. ಅದು ಇನ್ನೊಂದ್ಸಲ ಬರುವವರೆಗೂ ಕುತ್ತಿಗೆ ಒಳಗೇ ಕಾದಿತ್ತು. ಆನೆಯ ಕನಸಿಗೇ ಎರಡು ತಾಸಾದರೆ, ಒಬ್ಬ ಇಡೀ ಮನುಷ್ಯ ಬರಲು ಸಂಜೆಯಾಗದೆ ಇರುತ್ತದೆಯೇ?

ಅಂದದ್ದು ಆಗಲೇಬೇಕಲ್ಲ, ಅಜ್ಜಿಗೆ ಬರ್ತೀನಿ ಎಂದಿದ್ದ ಮಂತ್ರಿಯೂ ಸೇನಾಪತಿಯೂ ತಮ್ಮ ತಮ್ಮ ತೂತಿನೊಳಕ್ಕೆ ಸುಯ್ಯನೆ ಜಾರಿ ಹೋದರು. ಇಬ್ಬರದೂ ರಾಜಭೋಗದ ಹೊಟ್ಟೆ. ಅಲ್ಲಲ್ಲೇ ಸಿಕ್ಕಿಕೊಂಡರು. ಎರಡು ತೂತಿನ ಗಾಳಿ ನಿಂತಿತು. ಉಳಿದ ಮೊದಲ ತೂತಿಗೆ ಜವರಯ್ಯ ಬೆನ್ನು ಕೊಟ್ಟು ಕೂತ. ಮೀಸೆ ಮಲಗಿತು. ರಾಜ ಅದನ್ನು ತಟ್ಟುತ್ತ ಒಳಗೆ ಹೋದ.

"ಯಾಕಣ್ಣ ಬಂದೆ?" ಎಂದಳು ಕೆಂಪಮ್ಮಣ್ಣಿ.

"ದಿನಾ ನಾನೇ ಕೇಳ್ದೆ, ನೀನೇ ಕೊಟ್ಟೆ. ನಿಂಗೇನ್ ಬೇಕು ಅಂತ ಒಂದಿನಾನೂ ಕೇಳ್ಲಿಲ್ಲ. ತೂತಲ್ಲಿ ಕೇಳೋ ಮಾತಲ್ಲ, ಅದ್ಕೇ ಬಂದೆ. ಏನ್ ಬೇಕಕ್ಕ?"

ಕೆಂಪಮ್ಮಣ್ಣಿಗೆ ಅಳು ಬಂತು. ಇಷ್ಟು ವರ್ಷ ಬರೀ ಓ ಎಂದವಳಿಗೆ ಕೇಳುವುದು ಹೇಗೆಂದೇ ತಿಳಿಯಲಿಲ್ಲ. ಸೆರಗಿನಲ್ಲಿ ಮೂಗೊರೆಸಿಕೊಂಡು, "ಒಂಚೂರು ನಿದ್ದೆ" ಎಂದಳು.

"ಮಲಕ್ಕೋ. ಯಾರಾದ್ರೂ ಕರುದ್ರೆ ನಾನು ಓ ಅಂತೀನಿ."

ಉಗ್ರಾಣದಿಂದ ಕೆರೆಯ ಕನಸೊಂದನ್ನು ತಂದು ಅವಳಿಗೆ ಹೊದಿಸಿದ. ಅದಕ್ಕೆ ಅಂಚೇ ಇರಲಿಲ್ಲ, ಕಾಲೂ ಮುಚ್ಚಿತು.

ಇದರ ನೀತಿ ಏನೆಂದರೆ, ಕಾಫಿ ಕೊಟ್ಟ ಅಜ್ಜಿಯ ಮುಂದೆ ಮಾತಾಡುವಾಗ ಹುಷಾರಾಗಿರಬೇಕು. ಬೇರೆ ನೀತಿ ಬೇಕಾದವರು ನಾಳೆ ಕೇಳಿ. ಈಗ ಸದ್ದು ಮಾಡದೆ ಏಳಿ, ಅವಳಿನ್ನೂ ಮಲಗಿದ್ದಾಳೆ.