ಒದ್ದೆ ಕೈಗೆ ಒಗ್ಗುವ ಫೋನು

ಮೀನು ಮಾರುವ ಜಲಜಕ್ಕನ ಬಟನ್ ಫೋನು ಬಂದರಿನ ನೀರಿಗೆ ಬಿದ್ದು ಕೆಟ್ಟಿತ್ತು. ದೋಣಿ ಬಂದ ಸುದ್ದಿ ಬರುವುದು ಫೋನಿನಲ್ಲೇ. ಒಂದು ಕರೆ ತಪ್ಪಿದರೆ ಒಳ್ಳೆಯ ಮೀನೆಲ್ಲ ಬೇರೆಯವರ ಬುಟ್ಟಿಗೆ.

"ಅಂಥದ್ದೇ ಇನ್ನೊಂದು ಕೊಡು ತಮ್ಮ" ಎಂದಳು, ಬುಟ್ಟಿ ಇಳಿಸುತ್ತ.

ಫೋನ್ ಅಂಗಡಿಯ ಸುಕೇಶ ಮೂಗು ಮುರಿದ. "ಅದನ್ನೆಲ್ಲ ಈಗ ಯಾರು ಬಳಸುತ್ತಾರೆ ಅಕ್ಕ? ಈ ದೊಡ್ಡ ಪರದೆಯದ್ದೇ ತಗೊಳ್ಳಿ. ನನ್ನದೂ ಇದೇ."

"ನನ್ನ ಕೈ ಯಾವಾಗಲೂ ಒದ್ದೆ ಮಾರಾಯ."

"ಒರೆಸಿಕೊಂಡು ಎತ್ತಿದರಾಯಿತು."

ಜಲಜಕ್ಕ ಗೋಡೆಯ ಗಡಿಯಾರ ನೋಡಿದಳು. ದಿನಾ ಅಂಗಡಿಯೆದುರೇ ಕೂರುವವಳು ಅವಳು. ಈ ಹೊತ್ತಿಗೆ ಅಂಗಡಿಯ ಧಣಿ ಸುಕೇಶನಿಗೆ ಫೋನ್ ಮಾಡುವುದೂ, ಎತ್ತದಿದ್ದರೆ ಜನ್ಮ ಜಾಲಾಡುವುದೂ ಗೊತ್ತಿತ್ತು.

"ಆಯಿತು, ಅದನ್ನೇ ಕೊಡು. ಮಂಜುಗಡ್ಡೆಯ ಅಡಿಯಲ್ಲಿ ಬಂಗುಡೆ ಮೀನಿದೆ, ನಿನಗೆ ಬೇಕಾದ್ದು ಆರಿಸಿಕೋ."

ಸುಕೇಶ ಎರಡೂ ಕೈ ಬುಟ್ಟಿಗೆ ಹಾಕಿದ. ಮೇಜಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಧಣಿಯ ಕರೆ. ಒದ್ದೆ ಬೆರಳು ಪರದೆಯ ಮೇಲೆ ಜಾರಿತು, ಕರೆ ಎತ್ತಲಾಗಲಿಲ್ಲ. ಮತ್ತೆ ಉಜ್ಜಿದ. ರಿಂಗು ನಿಂತಿತು. ಫೋನು ಮತ್ತೆ ಬಡಿದುಕೊಂಡಿತು.

"ಒರೆಸಿಕೊಂಡು ಎತ್ತು ತಮ್ಮ" ಎಂದಳು ಜಲಜಕ್ಕ.

ಒರೆಸಿಕೊಳ್ಳುವಷ್ಟರಲ್ಲಿ ಅದೂ ನಿಂತಿತು.

ಸುಕೇಶ ಕೆಳಗಿನ ಕಪಾಟಿನಿಂದ ಎರಡು ಬಟನ್ ಫೋನು ತೆಗೆದ. ಒಂದನ್ನು ಅವಳ ಮುಂದಿಟ್ಟ. ಇನ್ನೊಂದಕ್ಕೆ ತನ್ನ ಸಿಮ್ ಹಾಕತೊಡಗಿದ.